ಹದಿನೇಳನೆಯ ಪ್ರಕರಣ

‘ಪವರ್’ ಎಂಬ ಅಡ್ಡಹೆಸರಿನ ಹುಡುಗನ ಫೋನ್ ಬಂದಾಗ ಅಕ್ಕ ಒಂದು ಕೋಷ್ಟಕದ ಮೊತ್ತವನ್ನು ಮೂರನೆಯ ಸಲ ಕೂಡುತ್ತಿದ್ದರು. ಮೊದಲೆರಡು ಸಲ ಒಂದೇ ಉತ್ತರ ಬಂದಿತ್ತು. ಮೂರನೆಯದು ಮೂವತ್ತೊಂದು ವರ್ಷ ಪತ್ರಿಕೆಯ ಡೆಸ್ಕಿನಲ್ಲಿ ಕೂತು ಅಂಟಿಸಿಕೊಂಡ ಚಾಳಿ.

“ಅಕ್ಕಾ, ಒಂದು ಎಡವಟ್ಟು ಮಾಡ್ಕೊಂಡಿದೀನಿ.”

ಏಳು ತಿಂಗಳಿಂದ ಅವನು ಬೇರೆ ದೇಶದಲ್ಲಿದ್ದ. ಆಶ್ರಯ ಕೇಳಿಕೊಂಡು ಬಂದವರನ್ನು ಇರಿಸುವ ವಸತಿಗೃಹ ಅದು, ಒಂದು ಕೋಣೆಗೆ ಎಂಟು ಮಂಚ. ಫೋನಿನಲ್ಲಿ ಅವನ ಹಿಂದೆ ಯಾರೋ ಪಾತ್ರೆ ಉಜ್ಜುವ ಸದ್ದು ಕೇಳುತ್ತಿತ್ತು.

“ಏನು ಮಾಡ್ಕೊಂಡೆ?”

“ಇಲ್ಲಿ ಆಫೀಸರ್ ಮೇಡಂ ಟೇಬಲ್ ಮೇಲೆ ನಿಮ್ಮ ವರದಿ ಇತ್ತು. ಅದ್ರಲ್ಲಿ ಹದಿನೇಳನೇದು ನಾನೇ ಅಂದ್ಬಿಟ್ಟೆ.”

ಅಕ್ಕ ಪೆನ್ನು ಕೆಳಗಿಟ್ಟರು. “ಯಾಕಪ್ಪಾ ಹೇಳೋಕೆ ಹೋದೆ?”

“ಪ್ರೂಫ್ ಎಲ್ಲಿ, ಪ್ರೂಫ್ ಎಲ್ಲಿ ಅಂತಿದ್ರು. ಪ್ರೂಫ್ ಅವರ ಕೈಯಲ್ಲೇ ಇತ್ತಲ್ಲ. ನಂಗೆ ಖುಷಿಯಾಗ್ಹೋಯ್ತು ಅಕ್ಕ.”

ಆಫೀಸರು ಹದಿನೇಳನೆಯ ಪ್ರಕರಣವನ್ನು ಅಲ್ಲೇ ಓದಿದ್ದರು. ಇಪ್ಪತ್ತನಾಲ್ಕು ವರ್ಷದ ಯುವಕ, ಬಂದರು ಇರುವ ಊರು, ಬೇಕರಿ ಕೆಲಸ, ಹೊಡೆಸಿದವನು ಸೋದರಮಾವ. ಎದುರಿಗೆ ಕೂತಿದ್ದವನಿಗೆ ಇಪ್ಪತ್ತೊಂಬತ್ತು. ಅವನ ಊರಿನಿಂದ ಸಮುದ್ರಕ್ಕೆ ಒಂದು ಇಡೀ ದಿನದ ಪ್ರಯಾಣ. ಕನ್ನಡಕದ ಅಂಗಡಿಯಲ್ಲಿ ಲೆನ್ಸನ್ನು ಫ್ರೇಮಿನ ಅಳತೆಗೆ ಉಜ್ಜಿ ಕೂರಿಸುವುದು ಅವನ ಕಸುಬು. ಹೊಡೆಸಿದವನು ಒಡಹುಟ್ಟಿದ ಅಣ್ಣ. ಆಫೀಸರು ಕಡತದಲ್ಲಿ ಒಂದು ಸಾಲು ಬರೆದುಕೊಂಡರು: ಅರ್ಜಿದಾರ ಬೇರೊಬ್ಬರ ಅನುಭವವನ್ನು ತನ್ನದೆಂದು ಹೇಳಿಕೊಳ್ಳುತ್ತಿದ್ದಾನೆ.

“ನೀವು ಬದಲಾಯಿಸಿ ಬರೀತೀರಿ ಅಂತ ನಂಗೆ ಹೊಳೀಲೇ ಇಲ್ಲ ಅಕ್ಕ,” ಅಂದ ಪವರ್. “ಬೇಕರಿ ಯಾಕೆ ಹಾಕಿದ್ರಿ? ನಂಗೆ ಮೈದಾ ಕಂಡ್ರೆ ಆಗಲ್ಲ.”

ಅಕ್ಕನಿಗೆ ನಗು ಬರಬೇಕಿತ್ತು. ಬರಲಿಲ್ಲ.

ಎಲೆಕ್ಟ್ರಿಕ್ ಸಾಮಾನಿನ ಅಂಗಡಿಯ ಮೇಲೆ ಎರಡು ಕೋಣೆಗಳ ಆ ಕಚೇರಿಗೆ ‘ಆರೋಗ್ಯ ಮಾಹಿತಿ ಕೇಂದ್ರ’ ಎಂದು ಬೋರ್ಡು ಹಾಕಿತ್ತು. ನಡೆಯುತ್ತಿದ್ದ ಕೆಲಸವನ್ನು ಬೋರ್ಡಿನಲ್ಲಿ ಬರೆಯುವ ಹಾಗಿರಲಿಲ್ಲ. ಗಂಡಸು ಗಂಡಸಿನ ಜೊತೆ, ಹೆಂಗಸು ಹೆಂಗಸಿನ ಜೊತೆ ಬಾಳಿದರೆ ಅಕ್ಕನ ದೇಶದಲ್ಲಿ ಏಳು ವರ್ಷದವರೆಗೆ ಸೆರೆ. ಆ ಕಾನೂನಿನಡಿ ಶಿಕ್ಷೆಯಾದವರು ಕಡಿಮೆ. ಅದನ್ನು ತೋರಿಸಿ ಹೊಡೆದವರು, ಮನೆ ಬಿಡಿಸಿದವರು, ಕೆಲಸ ತೆಗೆದವರು, ಠಾಣೆಗೆ ಎಳೆದವರು ಲೆಕ್ಕವಿಲ್ಲದಷ್ಟು. ಆ ಲೆಕ್ಕವಿಲ್ಲದ್ದಕ್ಕೆ ಲೆಕ್ಕ ಇಡುವುದೇ ಕೇಂದ್ರದ ಕೆಲಸ. ಪೆಟ್ಟು ತಿಂದವರ ಮಾತು ಕೇಳಿ, ಬರೆದು, ವರ್ಷಕ್ಕೊಂದು ವರದಿ ಮಾಡಿ ಹೊರದೇಶಗಳಿಗೆ ಕಳಿಸುತ್ತಿದ್ದರು. ಪತ್ರಿಕೆಯಿಂದ ನಿವೃತ್ತರಾದ ಮೇಲೆ ಬರೆಯುವ ಕೆಲಸ ಅಕ್ಕನ ಕೈಗೆ ಬಂದಿತ್ತು. ಕೇಂದ್ರದ ವಕೀಲೆ, ಎಲ್ಲರೂ ‘ಲಾಯರಮ್ಮ’ ಎನ್ನುತ್ತಿದ್ದ ಮೂವತ್ತೆರಡರ ಹೆಣ್ಣುಮಗಳು, ಅವರನ್ನು ಕರೆತಂದಿದ್ದಳು.

ಅಕ್ಕ ಬಂದ ಮೊದಲ ವರ್ಷವೇ ಕಚೇರಿಯ ಮೇಲೆ ದಾಳಿಯಾಯಿತು. ಪೊಲೀಸರು ಒಯ್ದ ಕಾಗದಗಳಲ್ಲಿ ಹನ್ನೊಂದು ಜನರ ಹೆಸರು ಮತ್ತು ಫೋನ್ ನಂಬರಿನ ಪಟ್ಟಿಯೂ ಇತ್ತು. ಒಂದು ವಾರದೊಳಗೆ ಹನ್ನೊಂದೂ ಮನೆಗಳಿಗೆ ಫೋನ್ ಹೋಯಿತು. ಅವರಲ್ಲಿ ನರ್ಸ್ ಆಗಿದ್ದ ಒಬ್ಬಳು ಆ ವಾರದ ನಂತರ ಕರೆ ಎತ್ತಿಲ್ಲ. ಎಲ್ಲಿದ್ದಾಳೆ, ಇದ್ದಾಳೋ ಇಲ್ಲವೋ, ಇಂದಿಗೂ ಯಾರಿಗೂ ತಿಳಿಯದು.

ಆಮೇಲೆ ಅಕ್ಕ ನಿಯಮ ಮಾಡಿದರು. ಹೆಸರು, ವಯಸ್ಸು, ಊರು, ಕಸುಬು, ನೆಂಟಸ್ತಿಕೆ ಇಷ್ಟನ್ನೂ ಬದಲಿಸುವುದು. ಬದಲಿಸಿದ ಪಟ್ಟಿಯನ್ನು ವರದಿ ಅಚ್ಚಾದ ದಿನವೇ ಚೂರು ಮಾಡಿ ನೀರಿನ ಬಕೆಟ್ಟಿನಲ್ಲಿ ನೆನೆಹಾಕುವುದು. ಆದರೆ ಸಂಖ್ಯೆ ಮಾತ್ರ ಮುಟ್ಟಬಾರದು. ಎಷ್ಟು ಜನ ಹೊಡೆದರು, ಎಷ್ಟು ದಿನ ಹಿಡಿದಿಟ್ಟರು, ಎಷ್ಟು ಮೂಳೆ ಮುರಿಯಿತು, ಅದು ಇದ್ದ ಹಾಗೇ ಇರಬೇಕು. ವರದಿಯ ಮೊದಲ ಪುಟದಲ್ಲೇ ಹಾಗೆಂದು ಅಚ್ಚು ಹಾಕಿಸಿದ್ದರು. ಸರ್ಕಾರ ಪ್ರತಿ ವರ್ಷ ‘ಕಟ್ಟುಕಥೆ’ ಎಂದು ಹೇಳಿಕೆ ಕೊಡುತ್ತಿತ್ತು. ಒಂದು ಅಂಕಿಯನ್ನೂ ಅಲ್ಲಗಳೆಯಲು ಅದಕ್ಕೆ ಆಗಿರಲಿಲ್ಲ.

ಪವರ್ ಬಂದದ್ದು ಎರಡು ವರ್ಷದ ಹಿಂದೆ. ಒಳಗೆ ಕಾಲಿಡುತ್ತಲೇ ಅಕ್ಕನ ಕನ್ನಡಕ ನೋಡಿ, “ಎರಡೂವರೆ, ಎಡಗಣ್ಣಿಗೆ ಕಾಲು ಜಾಸ್ತಿ. ಫ್ರೇಮ್ ಮಾತ್ರ ಯಾರೋ ಟೋಪಿ ಹಾಕಿದಾರೆ ನಿಮಗೆ,” ಅಂದಿದ್ದ. ಎದುರಿದ್ದವರ ಕನ್ನಡಕದ ಪವರನ್ನು ಕಣ್ಣಳತೆಯಲ್ಲೇ ಹೇಳುತ್ತಾನೆಂದು ಅಂಗಡಿಯವರು ಇಟ್ಟ ಹೆಸರು ಅದು. ಆ ಹೊತ್ತಿಗೆ ಅಂಗಡಿಯವರು ಅವನನ್ನು ಕೆಲಸದಿಂದ ತೆಗೆದಿದ್ದರು. ಬಲಗೈಯ ಎರಡು ಬೆರಳು ಸೊಟ್ಟ ಕೂಡಿಕೊಂಡಿದ್ದವು. ಎಡಗಿವಿಗೆ ಅರ್ಧ ಕೇಳುತ್ತಿತ್ತು. ಮಾತಾಡುವಾಗ ಬಲಕ್ಕೆ ತಿರುಗಿ ಕೂರುತ್ತಿದ್ದ.

ನಡೆದದ್ದು ಇಷ್ಟು. ಅವನೂ ಅವನ ಗೆಳೆಯನೂ ಒಂದು ಕೋಣೆ ಬಾಡಿಗೆ ಹಿಡಿದಿದ್ದರು. ಮನೆಯೊಡತಿ ಅಣ್ಣನಿಗೆ ಸುದ್ದಿ ಮುಟ್ಟಿಸಿದಳು. ಅಣ್ಣನದು ಡ್ರೈವಿಂಗ್ ಶಾಲೆ; ಊರಿನ ಅರ್ಧ ಪೊಲೀಸರು ಅವನ ಹತ್ತಿರ ಗಾಡಿ ಕಲಿತವರು. ನಾಲ್ಕು ಜನರನ್ನು ಕರೆತಂದು ಹೊಡೆಸಿದ, ಆಮೇಲೆ ತಾನೇ ಠಾಣೆಗೆ ಒಪ್ಪಿಸಿದ, ಆಮೇಲೆ ತಾನೇ ಬಿಡಿಸಿಕೊಂಡು ಹೋದ. ಗೆಳೆಯನಿಗೆ ಮೂರೇ ತಿಂಗಳಲ್ಲಿ ಮದುವೆಯಾಯಿತು. ಆಸ್ಪತ್ರೆಯವರು ಪೊಲೀಸರ ಚೀಟಿ ಇಲ್ಲದೆ ಗಾಯ ದಾಖಲಿಸುವುದಿಲ್ಲ ಎಂದರು. ಪೊಲೀಸರು ನಮ್ಮಲ್ಲಿ ಇಂಥವನು ಬಂದೇ ಇಲ್ಲ ಎಂದರು. ಹಾಗಾಗಿ ಅವನಿಗಾದದ್ದು ಕಾಗದದ ಮೇಲೆ ಇದ್ದದ್ದು ಒಂದೇ ಕಡೆ, ಅಕ್ಕನ ವರದಿಯ ನಲವತ್ತೆರಡನೆಯ ಪುಟದಲ್ಲಿ, ಬೇರೆಯವನ ವೇಷದಲ್ಲಿ.

“ವಾಪಸ್ ಕಳಿಸಿದ್ರೆ ಅಣ್ಣ ಸುಮ್ನಿರಲ್ಲ ಅಕ್ಕ,” ಅಂದ ಫೋನಿನಲ್ಲಿ. “ಈ ಸಲ ಬಿಡಿಸ್ಕೊಂಡು ಹೋಗೋದೇ ಇಲ್ಲ.”

ಅಕ್ಕ ಅವತ್ತೇ ಪತ್ರ ಬರೆದರು. ಹದಿನೇಳನೆಯ ಪ್ರಕರಣ ಇವನದೇ, ವಿವರಗಳನ್ನು ಅವನ ರಕ್ಷಣೆಗಾಗಿ ನಾವೇ ಬದಲಿಸಿದ್ದೇವೆ ಎಂದು. ಹತ್ತು ದಿನಕ್ಕೆ ಉತ್ತರ ಬಂತು: ಯಾವ ದಾಖಲೆಯ ಆಧಾರದ ಮೇಲೆ ಹೇಳುತ್ತಿದ್ದೀರಿ?

“ಬಕೆಟ್ಟಿನ ನೀರಿನ ಆಧಾರದ ಮೇಲೆ ಅಂತ ಬರೀಲಾ?” ಲಾಯರಮ್ಮ ಕೇಳಿದಳು. ಅವಳಿಗೆ ಸಿಟ್ಟು ಬಂದಾಗ ತಮಾಷೆ ಬರುತ್ತಿತ್ತು.

“ನೆನಪಿನ ಆಧಾರದ ಮೇಲೆ ಅಂತ ಬರಿ.”

“ನೆನಪಿಗೆ ಸೀಲು ಹೊಡೆಯೋಕೆ ಬರಲ್ಲ ಅಕ್ಕ.”

ಆದರೂ ಆ ದೇಶದವರು ಒಂದು ಅವಕಾಶ ಕೊಟ್ಟರು. ವೀಡಿಯೊ ಮೂಲಕ ಅಕ್ಕ ಸಾಕ್ಷಿ ಹೇಳಬಹುದು. ಪವರ್‌ನ ಪರವಾಗಿ ಅಲ್ಲಿ ಒಬ್ಬ ಉಚಿತ ವಕೀಲರಿದ್ದರು. ಅವರ ಕೈಯಲ್ಲಿ ಒಟ್ಟಿಗೆ ನಲವತ್ತು ಕಡತ. ವಿಚಾರಣೆಗೆ ಎರಡು ದಿನ ಮುಂಚೆ ಅವರು ಫೋನ್ ಮಾಡಿ ಒಂದೇ ಮಾತು ಹೇಳಿದರು. ನಿಮ್ಮ ದೇಶದಿಂದ ಬಂದ ಇನ್ನೂ ಹನ್ನೊಂದು ಜನರ ಅರ್ಜಿ ಈ ಕಚೇರಿಯಲ್ಲಿದೆ, ಅಷ್ಟೂ ಜನ ನಿಮ್ಮ ವರದಿಯನ್ನೇ ನಂಬಿಕೊಂಡಿದ್ದಾರೆ. ವರದಿಗೆ ಧಕ್ಕೆಯಾಗುವಂಥ ಏನನ್ನೂ ಹೇಳಬೇಡಿ.

ವಿಚಾರಣೆ ಮಧ್ಯಾಹ್ನ ಮೂರಕ್ಕೆ. ಒಳಕೋಣೆಯಲ್ಲಿ ಹಳೆಯ ವರದಿಗಳ ಎರಡು ಅಟ್ಟಿ ಜೋಡಿಸಿ ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟಿದ್ದರು. ಕೆಳಗಿನ ಅಂಗಡಿಯಲ್ಲಿ ಮಿಕ್ಸಿ ಪರೀಕ್ಷೆ ಮಾಡುತ್ತಿದ್ದುದರಿಂದ ಕಿಟಕಿ ಮುಚ್ಚಿತ್ತು. ಪರದೆಯ ಮೇಲೆ ಮೂರು ಚೌಕ: ಆಫೀಸರು, ದುಭಾಷಿ, ಮೂರನೆಯದರಲ್ಲಿ ಪವರ್ ಮತ್ತು ಅವನ ವಕೀಲರು. ಪವರ್ ಕ್ಷೌರ ಮಾಡಿಸಿಕೊಂಡಿದ್ದ. ಅಂಗಿಯ ಕೊರಳಗುಂಡಿಯನ್ನೂ ಹಾಕಿದ್ದ. ಅಕ್ಕನನ್ನು ನೋಡಿ ಕೈ ಎತ್ತಿದ; ವಕೀಲರು ಅದನ್ನು ಮೆಲ್ಲಗೆ ಕೆಳಗಿಳಿಸಿದರು.

ಆಫೀಸರು ಐವತ್ತರ ಆಸುಪಾಸಿನ ಹೆಂಗಸು. ದನಿ ಎತ್ತಲಿಲ್ಲ, ಹುಬ್ಬು ಗಂಟಿಕ್ಕಲಿಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕೇಳುತ್ತಾ ಹೋದರು. ಒಂದು ಕ್ಷಣ ತಡವಾಗಿ ದುಭಾಷಿಯ ಕನ್ನಡ ಬರುತ್ತಿತ್ತು.

“ಬೇಕರಿ ಕೆಲಸ ಅನ್ನೋದು ನೀವು ಹಾಕಿದ್ದಾ?”

“ಹೌದು.”

“ಸೋದರಮಾವ?”

“ನಾನೇ ಹಾಕಿದ್ದು. ಹೊಡೆಸಿದ್ದು ಅಣ್ಣ.”

“ವಯಸ್ಸು, ಊರು?”

“ಎರಡನ್ನೂ ನಾನೇ ಬದಲಾಯಿಸಿದೆ.”

“ಹಾಗಾದ್ರೆ ಇದರಲ್ಲಿ ಬದಲಾಗದೆ ಉಳಿದಿದ್ದು ಏನು?”

“ಪೆಟ್ಟು,” ಅಂದರು ಅಕ್ಕ. “ಹೊಡೆದವರು ನಾಲ್ಕು ಜನ. ಮುರಿದಿದ್ದು ಎರಡು ಬೆರಳು. ಹೋಗಿದ್ದು ಎಡಗಿವಿ. ಅವನ ಕೈ ನೋಡಿ, ಗೊತ್ತಾಗುತ್ತೆ.”

ಆಫೀಸರು ಪವರ್‌ನ ಕೈ ನೋಡಿದರು. ಏನೋ ಬರೆದುಕೊಂಡರು. ಲಾಯರಮ್ಮ ಮೇಜಿನ ಕೆಳಗೆ ಅಕ್ಕನ ಮೊಣಕಾಲು ಮುಟ್ಟಿದಳು. ಸರಿಯಾಗಿ ಹೋಗುತ್ತಿದೆ ಎಂಬ ಅರ್ಥದಲ್ಲಿ.

“ವರದಿಯ ಮೊದಲ ಪುಟದಲ್ಲಿ ಸಂಖ್ಯೆಗಳನ್ನು ಬದಲಿಸಿಲ್ಲ ಅಂತ ಇದೆ. ಅದು ನಿಜಾನಾ?”

“ನಿಜ.”

“ಹದಿನೇಳನೆಯ ಪ್ರಕರಣದಲ್ಲಿ ಪೊಲೀಸ್ ವಶದಲ್ಲಿ ಇಟ್ಟುಕೊಂಡಿದ್ದು ಆರು ದಿನ ಅಂತಿದೆ. ಅರ್ಜಿದಾರ ನಮ್ಮ ಮುಂದೆ ಎರಡು ಬೇರೆ ಬೇರೆ ಸಲ ನಾಲ್ಕು ದಿನ ಅಂದಿದ್ದಾನೆ. ನೀವು ಬದಲಾಯಿಸಿದ್ರಾ?”

ಆರು ಎಂದು ತಾವು ಬರೆದದ್ದು ಅಕ್ಕನಿಗೆ ನೆನಪಿತ್ತು. ಅವನು ಆರು ಎಂದದ್ದೂ ನೆನಪಿತ್ತು. ಬಲಕ್ಕೆ ತಿರುಗಿ ಕೂತು, ಸೊಟ್ಟ ಬೆರಳನ್ನೂ ಸೇರಿಸಿ ಎಣಿಸಿ ತೋರಿಸಿದ್ದ. ಹಾಗಾದರೆ ಈ ನಾಲ್ಕು ಎಲ್ಲಿಂದ ಬಂತು?

ಬದಲಾಯಿಸಿದೆ ಎಂದರೆ ಮುಗಿಯುತ್ತಿತ್ತು. ಒಂದೇ ಪದ. ಆ ಪದದ ಜೊತೆ ಮೊದಲ ಪುಟ ಸುಳ್ಳಾಗುತ್ತಿತ್ತು, ವರದಿಯ ಇಪ್ಪತ್ತಮೂರು ಪ್ರಕರಣಗಳ ಅಂಕಿಯೆಲ್ಲ ಬಿದ್ದುಹೋಗುತ್ತಿತ್ತು, ಅದೇ ಕಚೇರಿಯ ಕಪಾಟಿನಲ್ಲಿದ್ದ ಹನ್ನೊಂದು ಅರ್ಜಿಗಳೂ ಬೀಳುತ್ತಿದ್ದವು. ಬದಲಾಯಿಸಿಲ್ಲ ಎಂದರೆ ಎದುರಿಗೆ ಕೊರಳಗುಂಡಿ ಹಾಕಿಕೊಂಡು ಕೂತವನು ಸುಳ್ಳುಗಾರನಾಗುತ್ತಿದ್ದ. ಅತ್ತ ದರಿ, ಇತ್ತ ಪುಲಿ. ಪತ್ರಿಕೆಯಲ್ಲಿದ್ದಾಗ ಇಂಥದ್ದು ಬಂದರೆ ಸುದ್ದಿಯನ್ನು ಒಂದು ದಿನ ತಡೆಹಿಡಿಯುತ್ತಿದ್ದರು. ಇಲ್ಲಿ ದುಭಾಷಿ ಕಾಯುತ್ತಿದ್ದ.

“ಸಂಖ್ಯೆ ನಾನು ಬದಲಾಯಿಸಲ್ಲ,” ಅಂದರು. “ಆದ್ರೆ ಅವನೂ ಸುಳ್ಳು ಹೇಳ್ತಿಲ್ಲ.”

“ಎರಡೂ ಹೇಗೆ ನಿಜ ಆಗುತ್ತೆ?”

“ನನಗೆ ಗೊತ್ತಿಲ್ಲ.”

ಆಫೀಸರು ಪವರ್ ಕಡೆ ತಿರುಗಿದರು. “ನೀವು ಏನು ಹೇಳ್ತೀರಿ? ನಾಲ್ಕೋ, ಆರೋ?”

ಅವನು ಪರದೆಯಲ್ಲಿದ್ದ ಅಕ್ಕನ ಮುಖ ನೋಡಿದ. ಅಕ್ಕ ಕಷ್ಟದಲ್ಲಿ ಸಿಕ್ಕಿಕೊಂಡಿದ್ದಾರೆ ಎಂಬುದಷ್ಟೇ ಅವನಿಗೆ ಅರ್ಥವಾಗಿತ್ತು. ಅವನ ವಕೀಲರು ಬಾಯಿ ತೆರೆಯುವಷ್ಟರಲ್ಲಿ ಹೇಳಿಬಿಟ್ಟ.

“ಅಕ್ಕ ಸುಳ್ಳು ಹೇಳೋರಲ್ಲ ಮೇಡಂ. ಅವರು ಆರು ಅಂದ್ರೆ ಆರೇ. ನಾನೇ ತಪ್ಪು ಹೇಳಿರ್ತೀನಿ.”

ಲಾಯರಮ್ಮ ಕಣ್ಣು ಮುಚ್ಚಿಕೊಂಡಳು. ಆಫೀಸರು ಅದನ್ನು ಬರೆದುಕೊಂಡರು. ಪವರ್ ಮಾತ್ರ ಅಕ್ಕನ ಕಡೆ ನೋಡಿ, ಸರಿಹೋಯ್ತು ಬಿಡಿ ಎಂಬಂತೆ ಸಣ್ಣಗೆ ತಲೆಯಾಡಿಸಿದ.

ತೀರ್ಪು ಇಪ್ಪತ್ತೆರಡನೆಯ ದಿನ ಬಂತು. ಒಂಬತ್ತು ಪುಟ. ಏಳನೆಯ ಪುಟದಲ್ಲಿ ಅಕ್ಕನ ಬಗ್ಗೆ ಎರಡು ವಾಕ್ಯವಿತ್ತು. ಸಾಕ್ಷಿ ನೇರ ನುಡಿಯವರು, ತಮಗೆ ಅನುಕೂಲವಲ್ಲದ ಉತ್ತರವನ್ನೂ ಮರೆಮಾಚದವರು. ಅವರ ಮಾತನ್ನು ಪೂರ್ತಿ ಒಪ್ಪಲಾಗಿದೆ. ಅವರ ಮಾತನ್ನು ಒಪ್ಪಿದ ಮೇಲೆ, ಅಡ್ಡಪ್ರಶ್ನೆ ಬಂದ ಕೂಡಲೇ ಹೇಳಿಕೆ ಬದಲಿಸಿದ ಅರ್ಜಿದಾರನ ಮಾತನ್ನು ಒಪ್ಪಲು ಬರುವುದಿಲ್ಲ.

ಹನ್ನೊಂದು ಅರ್ಜಿಗಳಲ್ಲಿ ನಾಲ್ಕು ಅದೇ ತಿಂಗಳು ಮಂಜೂರಾದವು. ಅವುಗಳಲ್ಲೂ ವರದಿಯನ್ನು ಉಲ್ಲೇಖಿಸಿದ್ದರು. ಆ ನಾಲ್ವರಲ್ಲಿ ಒಬ್ಬಳು ಥ್ಯಾಂಕ್ಸ್ ಹೇಳಲು ಫೋನ್ ಮಾಡಿದಳು. ಅಕ್ಕ, “ಆಯ್ತಮ್ಮ, ಚೆನ್ನಾಗಿರು,” ಅಂದು ಇಟ್ಟರು.

ಪವರ್ ಫೋನ್ ಮಾಡಿದ್ದು ತೀರ್ಪು ಬಂದ ಮೂರನೆಯ ದಿನ.

“ಅಕ್ಕಾ, ನಾಲ್ಕೂ ಸರಿ, ಆರೂ ಸರಿ.”

“ಅಂದ್ರೆ?”

“ಠಾಣೇಲಿ ನಾಲ್ಕು ದಿನ. ಆಮೇಲೆ ಅಣ್ಣ ಬಿಡಿಸ್ಕೊಂಡು ಹೋಗಿ ಮನೆ ಮಹಡಿ ಮೇಲಿನ ರೂಮಲ್ಲಿ ಎರಡು ದಿನ ಹೊರಗಡೆಯಿಂದ ಚಿಲಕ ಹಾಕಿದ್ನಲ್ಲ. ನೀವು ಅವತ್ತು ಎಷ್ಟು ದಿನ ಕೂಡಿಹಾಕಿದ್ರು ಅಂತ ಕೇಳಿದ್ರಿ. ನಾನು ಒಟ್ಟು ಹೇಳ್ದೆ. ಇಲ್ಲಿ ಮೇಡಂ, ಪೊಲೀಸರ ಹತ್ರ ಎಷ್ಟು ದಿನ ಅಂತ ಕೇಳಿದ್ರು. ನಾಲ್ಕು ಅಂದೆ.”

ಅಕ್ಕ ಎದ್ದುಹೋಗಿ ಖಾಲಿ ನಮೂನೆಯ ಒಂದು ಹಾಳೆ ತಂದರು. ಒಂಬತ್ತು ಪ್ರಶ್ನೆಗಳ ಆ ನಮೂನೆಯನ್ನು ಮಾಡಿದವರು ಅವರೇ. ಆರನೆಯ ಪ್ರಶ್ನೆ: ಎಷ್ಟು ದಿನ ಕೂಡಿಹಾಕಿದ್ದರು? ಅದರ ಮುಂದೆ ಒಂದೇ ಚೌಕ. ವರದಿಯ ಕೋಷ್ಟಕದಲ್ಲಿ ಆ ಚೌಕದ ಅಂಕಿ ಹೋಗಿ ಕೂರುತ್ತಿದ್ದುದು ‘ಪೊಲೀಸ್ ವಶದಲ್ಲಿ ಕಳೆದ ದಿನಗಳು’ ಎಂಬ ಕಾಲಮ್ಮಿನಲ್ಲಿ. ಹಾಗೆ ಕೂರಿಸಿದ್ದೂ ಅವರೇ. ಮನೆಯವರೂ ಕೂಡಿಹಾಕುತ್ತಾರೆ ಎಂಬುದು ಅವರಿಗೆ ತಿಳಿಯದ ಸಂಗತಿಯಲ್ಲ. ಇಪ್ಪತ್ತಮೂರರಲ್ಲಿ ಒಂಬತ್ತು ಪ್ರಕರಣಗಳಲ್ಲಿ ಅದನ್ನು ಬರೆದಿದ್ದರು. ಆದರೂ ಎರಡನೆಯ ಚೌಕ ಹಾಕಬೇಕೆಂದು ಹೊಳೆದಿರಲಿಲ್ಲ. ಮೂರು ಸಲ ಕೂಡಿ ನೋಡಿದ ಮೊತ್ತದ ತಪ್ಪು ಕೂಡುವುದರಲ್ಲಿ ಇರಲಿಲ್ಲ.

“ಅವತ್ತೇ ಯಾಕೆ ಹೇಳ್ಲಿಲ್ಲ ನೀನು?” ಎಂದು ಕೇಳಿ, ಕೇಳಿದ್ದಕ್ಕೆ ತಮ್ಮ ಮೇಲೇ ಹೇಸಿಕೆಪಟ್ಟರು.

“ನಿಮ್ಮ ಮುಖ ನೋಡಿ ಗಾಬರಿ ಆಯ್ತು ಅಕ್ಕ. ನಿಮ್ಮನ್ನ ಸುಳ್ಳಿ ಮಾಡೋದು ಹೇಗೆ?”

ಉಚಿತ ವಕೀಲರು ಈ ವಿವರಣೆ ಬರೆದು ಮೇಲ್ಮನವಿ ಹಾಕಿದರು. ಅಕ್ಕ ನಮೂನೆಯ ಪ್ರತಿ ಕಳಿಸಿದರು, ತಪ್ಪು ತಮ್ಮದೆಂದು ಪ್ರಮಾಣಪತ್ರ ಮಾಡಿಸಿ ಕಳಿಸಿದರು. ಮೇಲಿನವರು ಎರಡು ಪುಟದಲ್ಲಿ ಮುಗಿಸಿದರು: ವಿಚಾರಣೆಯ ದಿನವೇ ಹೇಳಬಹುದಾಗಿದ್ದ ವಿವರಣೆಯನ್ನು ತೀರ್ಪಿನ ನಂತರ ಹೇಳಿದರೆ ಅದಕ್ಕೆ ತೂಕವಿಲ್ಲ. ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು. ಉಳಿದ ಏಳು ಅರ್ಜಿದಾರರ ಕಡತಗಳಲ್ಲಿ ಆ ಕಾಲಮ್ಮನ್ನು ಪರಿಗಣಿಸಬಾರದೆಂದು ಒಂದು ಟಿಪ್ಪಣಿ ಮಾತ್ರ ಸೇರಿತು.

ಪವರ್‌ನನ್ನು ವಾಪಸು ಕಳಿಸುವುದಕ್ಕೂ ಕಾಗದ ಬೇಕು. ಅವನ ಪಾಸ್‌ಪೋರ್ಟ್ ಅವಧಿ ಮುಗಿದಿತ್ತು. ಹೊಸ ಪ್ರಯಾಣಪತ್ರ ಕೊಡುವ ಮೊದಲು ಇವನು ನಮ್ಮ ದೇಶದವನೇ ಎಂದು ಖಚಿತ ಮಾಡಿಕೊಳ್ಳಲು ಪೊಲೀಸರು ಅವನ ಮನೆವಿಳಾಸಕ್ಕೆ ಹೋದರು. ಬಾಗಿಲು ತೆರೆದದ್ದು ಅಣ್ಣ. ಹೌದು ನನ್ನ ತಮ್ಮ, ಎಂದು ಸಹಿ ಹಾಕಿದ. ಯಾವ ವಿಮಾನ, ಎಷ್ಟು ಹೊತ್ತಿಗೆ ಎಂದು ಕೇಳಿ ಬರೆದುಕೊಂಡ. ಪವರ್ ಯಾರು ಎಂಬುದಕ್ಕೆ ಅಷ್ಟು ದಿನದಲ್ಲಿ ಸಿಕ್ಕ ಮೊದಲ ಪಕ್ಕಾ ದಾಖಲೆ ಅದು.

“ವಯಸ್ಸಿಗೆ ಬಂದವನು. ಯಾರ ಜೊತೆ ಬೇಕಾದ್ರೂ ಹೋಗಬಹುದು,” ಅಂದಳು ಲಾಯರಮ್ಮ. ವಿಮಾನ ನಿಲ್ದಾಣಕ್ಕೆ ಹೋಗುವ ಬಸ್ಸಿನಲ್ಲಿ ಅದನ್ನು ಮೂರನೆಯ ಸಲ ಹೇಳುತ್ತಿದ್ದಳು. “ಮನೆಯವರ ಸಹಿ ತಗೊಂಡು ಬಿಡೋದು ಅವರ ರೂಢಿ ಅಷ್ಟೇ. ಕಾನೂನಲ್ಲಿ ಎಲ್ಲೂ ಇಲ್ಲ.”

“ನಮ್ಮನ್ನ ಯಾರು ಅಂತ ಕೇಳಿದ್ರೆ?”

“ವಕೀಲೆ ಅಂತೀನಿ.”

“ಯಾವ ಕೇಸು ಅಂದ್ರೆ?”

ಲಾಯರಮ್ಮ ಕೈಯಲ್ಲಿದ್ದ ಕಾಗದಗಳನ್ನು ಮತ್ತೆ ಜೋಡಿಸತೊಡಗಿದಳು. ಇನ್ನೊಂದು ಊರಿನಲ್ಲಿ, ಒಂಟಿ ಹೆಂಗಸೊಬ್ಬಳ ಮನೆಯ ಹಿಂಭಾಗದಲ್ಲಿ, ಅವನಿಗಾಗಿ ಒಂದು ಕೋಣೆ ಗೊತ್ತುಮಾಡಿದ್ದರು. ಹಾಸಿಗೆ, ಬಕೆಟ್ಟು, ಹೊಸ ಚಿಲಕ ಎಲ್ಲ ಆಗಿತ್ತು. ಒಳಗಡೆಯಿಂದ ಹಾಕುವ ಚಿಲಕ.

ವಿಮಾನ ಇಳಿಯುವುದು ಹನ್ನೊಂದೂ ಇಪ್ಪತ್ತಕ್ಕೆ. ಹೊರಬರುವ ಬಾಗಿಲ ಮುಂದಿನ ಸ್ಟೀಲ್ ಕಂಬಿಯ ಬಳಿ ಜನ ಸಾಲಾಗಿ ನಿಂತಿದ್ದರು. ಅಕ್ಕ ಅಣ್ಣನನ್ನು ಕಂಡ ಕೂಡಲೇ ಗುರುತಿಸಿದರು. ಮೂಗು, ಹಣೆ ಪವರ್‌ನದೇ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಕಾರಿನ ಕೀ. ಜೊತೆಗೆ ಅವನ ಹೆಂಡತಿ, ಮತ್ತು ಮಫ್ತಿಯಲ್ಲಿದ್ದರೂ ನಿಲುವಿನಲ್ಲೇ ಪೊಲೀಸಿನವನೆಂದು ತಿಳಿಯುವ ಒಬ್ಬ ಗೆಳೆಯ. ಲಾಯರಮ್ಮ ಆಗಲೇ ಒಳಗಿನ ಪೊಲೀಸ್ ಮೇಜಿನತ್ತ ಹೋಗಿದ್ದಳು. ಜಾಗವಿದ್ದದ್ದು ಅಣ್ಣನ ಪಕ್ಕದಲ್ಲೇ. ಅಕ್ಕ ಅಲ್ಲೇ ನಿಂತರು.

“ಬನ್ನಿ ಅಮ್ಮಾ, ಇಲ್ಲಿ ಕಂಬಿ ಹಿಡ್ಕೊಳ್ಳಿ,” ಎಂದು ಅವನು ಸರಿದು ಜಾಗ ಕೊಟ್ಟ. “ತುಂಬ ಹೊತ್ತಾಯ್ತಾ ಬಂದು?”

“ಈಗ ಬಂದೆ.”

“ನಿಮ್ಮೋರು ಯಾರು ಬರ್ತಿರೋದು?”

ಅಕ್ಕ ಬಾಗಿಲನ್ನೇ ನೋಡುತ್ತಾ, “ತಮ್ಮ,” ಅಂದರು.

“ನಮ್ದೂ ತಮ್ಮನೇ. ಸಹವಾಸದಿಂದ ಸ್ವಲ್ಪ ದಾರಿ ತಪ್ಪಿದ್ದ. ಹೊರಗೆ ಯಾರ‍್ಯಾರೋ ತಲೆ ಕೆಡಿಸಿ ಅಲ್ಲೀತನಕ ಓಡಿಸಿಬಿಟ್ರು ನೋಡಿ. ಮನೆಗೆ ಬಂದ್ರೆ ಸರಿಹೋಗ್ತಾನೆ.”

ಅವನ ಹೆಂಡತಿ ಒಂದು ಹಳೆಯ ಸ್ವೆಟರನ್ನು ಮಡಿಸಿ ಹಿಡಿದುಕೊಂಡಿದ್ದಳು.

ಗಾಜಿನ ಆಚೆ ಲಾಯರಮ್ಮ ಮೇಜಿನ ಮುಂದೆ ನಿಂತು ಕಾಗದ ತೋರಿಸುತ್ತಿದ್ದುದು ಕಾಣುತ್ತಿತ್ತು. ಬಾಗಿಲು ತೆರೆದಾಗಲೆಲ್ಲ ಮಾತು ತುಂಡುತುಂಡಾಗಿ ಹೊರಬರುತ್ತಿತ್ತು. “...ಮನೆಯವರೇ ಬಂದಿದಾರಲ್ಲ ಮೇಡಂ...” “...ಅವನನ್ನೇ ಕೇಳಿ, ಯಾರ ಜೊತೆ ಹೋಗ್ತಾನೆ ಅಂತ...” “...ನೀವು ಏನಾಗಬೇಕು? ಯಾವ ಕೇಸು? ಅದನ್ನ ಹೇಳಿ ಮೊದಲು.”

ಹನ್ನೊಂದೂ ಐವತ್ತೆರಡಕ್ಕೆ ಪವರ್ ಬಂದ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಪಕ್ಕದಲ್ಲಿ ಪೇದೆ. ತೂಕ ಇಳಿದಿದ್ದ. ಮೇಜಿನ ಅಧಿಕಾರಿ ಲಾಯರಮ್ಮನ ಕಡೆ ಬೆರಳು ತೋರಿಸಿ ಅವನನ್ನು ಏನೋ ಕೇಳಿದ. ಬಲಗಿವಿಯನ್ನು ಮುಂದೆ ಮಾಡಿ ಪವರ್ ಇನ್ನೊಮ್ಮೆ ಕೇಳಿಸಿಕೊಂಡ.

ಆಮೇಲೆ ಗಾಜಿನ ಈಚೆಗೆ ನೋಡಿದ. ಕಂಬಿಯ ಬಳಿ ಅಣ್ಣ, ಅಣ್ಣನಿಗೆ ಭುಜ ತಾಗುವಷ್ಟು ಹತ್ತಿರ ಅಕ್ಕ. ಅಕ್ಕನಿಂದ ಮೂರು ಹೆಜ್ಜೆ ಹಿಂದೆ ಮಫ್ತಿಯವನು. ಪವರ್‌ನ ಕಣ್ಣು ಅಣ್ಣನ ಮೇಲೆ ನಿಂತಿತು, ಅಕ್ಕನ ಮೇಲೆ ನಿಂತಿತು, ಮಫ್ತಿಯವನ ಮೇಲೆ ನಿಂತಿತು, ವಿಚಾರಣೆಯ ದಿನದ ಹಾಗೇ ಮತ್ತೆ ಅಕ್ಕನ ಮುಖಕ್ಕೆ ಬಂತು. ಅಕ್ಕ ಕಂಬಿಯಿಂದ ಕೈ ತೆಗೆದು ಒಂದು ಹೆಜ್ಜೆ ಮುಂದಿಟ್ಟರು.

ಬಾಗಿಲು ತೆರೆಯಿತು. ಅವನ ದನಿ ಸ್ಪಷ್ಟವಾಗಿ ಕೇಳಿಸಿತು.

“ಈ ಮೇಡಂ ಯಾರೋ ನಂಗೊತ್ತಿಲ್ಲ ಸರ್. ಅಲ್ಲಿರೋದು ನಮ್ಮಣ್ಣ.”

ಲಾಯರಮ್ಮ ಅವನ ತೋಳು ಹಿಡಿಯಲು ಕೈ ಚಾಚಿದಳು. ಅವನು ಚೀಲವನ್ನು ಅವಳ ಕಡೆಯ ಕೈಗೆ ಬದಲಾಯಿಸಿಕೊಂಡು ಮುಂದೆ ನಡೆದ. ಅಣ್ಣ ಎರಡು ಕಡೆ ಸಹಿ ಹಾಕಿದ. ‘ಸಂಬಂಧ’ ಎಂಬಲ್ಲಿ ಏನು ಬರೆಯಬೇಕೆಂದು ಯೋಚಿಸುವ ಅಗತ್ಯ ಅವನಿಗಿರಲಿಲ್ಲ. ಅತ್ತಿಗೆ ಸ್ವೆಟರ್ ಕೊಟ್ಟಳು. ಪವರ್ ಅದನ್ನು ಹಾಕಿಕೊಳ್ಳಲಿಲ್ಲ, ಬೇಡ ಎನ್ನಲೂ ಇಲ್ಲ. ಅಣ್ಣ ಅವನ ಹೆಗಲ ಮೇಲೆ ಕೈಹಾಕಿದ. ದೂರದಿಂದ ನೋಡಿದವರಿಗೆ ಅದು ಯಾವುದೇ ಅಣ್ಣನ ಕೈ.

ಅಕ್ಕನ ಪಕ್ಕದಲ್ಲೇ ಅವರು ಹಾದುಹೋದರು. ಪವರ್ ತಲೆ ಎತ್ತಲಿಲ್ಲ. ಅಣ್ಣ ಮಾತ್ರ ಒಂದು ಕ್ಷಣ ನಿಂತ.

“ನಿಮ್ಮ ತಮ್ಮ ಇನ್ನೂ ಬಂದಿಲ್ವಾ ಅಮ್ಮಾ?” ಎಂದು ವಿಚಾರಿಸಿದ. “ಬರ್ತಾರೆ, ಗಾಬರಿ ಮಾಡ್ಕೋಬೇಡಿ.”

“ಹ್ಞೂಂ,” ಅಂದರು ಅಕ್ಕ.